ಸಂಡೂರು ಗಣಿಯಲ್ಲಿ ಡೈನೋಸಾರ್ ಮೂಳೆ ಯಾಕಿಲ್ಲ?

ಪ್ರಶ್ನೆ: ಮೇಷ್ಟ್ರೇ, ಮೈಕೆಲ್ ಕ್ರೈಟನ್ ಬರೆದ ‘ಡ್ರ್ಯಾಗನ್ ಟೀತ್’ ಕಾದಂಬರಿ ಓದಿದೆ. 1876ರ ಅಮೆರಿಕದ ಕಥೆ. ಡೈನೋಸಾರ್ ಮೂಳೆಗಾಗಿ ಇಬ್ಬರು ಪ್ರೊಫೆಸರ್‌ಗಳ ಕಿತ್ತಾಟ. ಇದು ನಿಜವಾ? ನಮ್ಮಲ್ಲಿ ಅದಿರಿಗೆ ಗುಡ್ಡಗಳನ್ನೇ ಬಗೆದಿದ್ದಾರೆ, ಒಂದು ಮೂಳೆಯೂ ಸಿಗಲಿಲ್ಲ, ಯಾಕೆ?
– ಓದುಗರೊಬ್ಬರು, ಸಂಡೂರು

ಉತ್ತರ: ಕಿತ್ತಾಟ ನಿಜ, ಕಥಾನಾಯಕ ಕಲ್ಪನೆ. ಯೇಲ್ ವಿಶ್ವವಿದ್ಯಾಲಯದ ಮಾರ್ಶ್, ಫಿಲಡೆಲ್ಫಿಯಾದ ಕೋಪ್ ಮೊದಲು ಗೆಳೆಯರೇ ಆಗಿದ್ದರು. ಕೋಪ್ ಒಂದು ಕಡಲ ಸರೀಸೃಪದ ಎಲುಬು ಜೋಡಿಸುವಾಗ ತಲೆಯನ್ನು ಬಾಲದ ತುದಿಗೆ ಕೂರಿಸಿಬಿಟ್ಟ. ಇಪ್ಪತ್ತು ವರ್ಷ ಕಳೆದ ಮೇಲೂ, 1890ರಲ್ಲಿ, ಮಾರ್ಶ್ ಅದನ್ನು ಪತ್ರಿಕೆಯಲ್ಲಿ ಕೆದಕಿದ. ಓದಿದವರ ಜಗಳ ಹೀಗೇ, ಬೇಗ ಆರೋದಿಲ್ಲ.

ಕುದುರೆ, ಬಂದೂಕಿಗಿಂತ ನನಗೆ ಹಿಡಿಸಿದ್ದು ಅವರ ಗಂಜಿ! 1876ರ ಬೇಸಿಗೆಯಲ್ಲಿ ಮೊಂಟಾನಾದಲ್ಲಿ ಮೂಲನಿವಾಸಿಗಳ ಜೊತೆಗಿನ ಲಿಟಲ್ ಬಿಗ್‌ಹಾರ್ನ್ ಕಾಳಗದಲ್ಲಿ ಅಮೆರಿಕದ ಸೇನಾಧಿಕಾರಿ ಕಸ್ಟರ್ ಸತ್ತಿದ್ದ. ಅತ್ತ ಹೋಗಬೇಡ ಅಂದರೂ ಕೇಳದೆ ಕೋಪ್ ತಂಡ ಕಟ್ಟಿಕೊಂಡು ಮೊಂಟಾನಾಕ್ಕೆ ಹೊರಟ. ಅಲ್ಲಿನ ಮೂಳೆ ಮುಟ್ಟಿದರೆ ಉದುರುತ್ತಿತ್ತು. ಅವರ ಬಳಿ ಅಕ್ಕಿ ಇತ್ತು. ಬೇಯಿಸಿ ಮಂದ ಗಂಜಿ ಮಾಡಿದರು, ಬಟ್ಟೆ ಅದ್ದಿ ಮೂಳೆಗೆ ಸುತ್ತಿದರು. ಒಣಗಿದ ಮೇಲೆ ಅದೇ ಗಟ್ಟಿ ಕವಚ. ಆಮೇಲೆ ಈ ಕೆಲಸಕ್ಕೆ ಪ್ಲಾಸ್ಟರ್ ಬಂತು. ಸಿರುಗುಪ್ಪದ ಅಕ್ಕಿ ಉಂಡವರಿಗೆ ಗಂಜಿಯ ಅಂಟು ಹೇಳಿಕೊಡಬೇಕಾ?

ಇನ್ನು ನಿಮ್ಮ ಗುಡ್ಡ. ಡೈನೋಸಾರ್‌ಗಳು ಕಾಣಿಸಿಕೊಂಡಿದ್ದು ಸುಮಾರು 23 ಕೋಟಿ ವರ್ಷದ ಹಿಂದೆ. ಸಂಡೂರಿನ ಅದಿರು ಕಲ್ಲಿಗೆ 250 ಕೋಟಿಗೂ ಜಾಸ್ತಿ ವಯಸ್ಸು. ಆಗ ಭೂಮಿಯ ಮೇಲಿದ್ದದ್ದು ಕಣ್ಣಿಗೆ ಕಾಣದ ಸೂಕ್ಷ್ಮಜೀವಿಗಳು. ಮೂಳೆ ಅನ್ನೋದೇ ಇನ್ನೂ ಹುಟ್ಟಿರಲಿಲ್ಲ. ಜೆಸಿಬಿ ಎಷ್ಟು ಆಳಕ್ಕಿಳಿದರೂ ಅಷ್ಟೇ.

ಹಾಗಾದರೆ ಬಳ್ಳಾರಿ ಹತ್ತಿರದ ಕುಡತಿನಿಯ ಬೂದಿದಿಬ್ಬ ಏನು ಅಂತ ಮುಂದಿನ ಪತ್ರ ಬರುತ್ತೆ, ಗೊತ್ತು. ಅದು ಹಿಡಿಂಬನನ್ನು ಸುಟ್ಟ ಬೂದಿ ಅಂತ ಹಳಬರ ಮಾತು. ನಿಜಕ್ಕೂ ಅದು ನವಶಿಲಾಯುಗದ ದನಗಾಹಿಗಳು ಸುಟ್ಟ ಸಗಣಿ. ಅಲ್ಲಿ ಎಲುಬು ಸಿಕ್ಕರೂ ಡೈನೋಸಾರ್‌ದಲ್ಲ, ಹೆಚ್ಚಾಗಿ ದನದ್ದೇ ಇರತ್ತೆ.

ಡೈನೋಸಾರ್ ನೋಡಲೇಬೇಕು ಅಂದರೆ ರಾಯಚೂರಿನಲ್ಲಿ ಹೈದರಾಬಾದ್ ರೈಲು ಹತ್ತಿ. ಅಲ್ಲಿನ ಬಿರ್ಲಾ ವಿಜ್ಞಾನ ಮ್ಯೂಸಿಯಂನಲ್ಲಿ ಕೋಟಾಸಾರಸ್ ಅಸ್ಥಿಪಂಜರ ನಿಲ್ಲಿಸಿದ್ದಾರೆ. ಗೋದಾವರಿ ಕಡೆಯ ಆದಿಲಾಬಾದಿನ ನೆಲದಲ್ಲಿ ಸಿಕ್ಕಿದ್ದು. ಅಲ್ಲಿನ ಕಲ್ಲು ಡೈನೋಸಾರ್ ಕಾಲದ್ದೇ.