ಸ್ಟುಟ್‌ಗಾರ್ಟ್‌ನಾಗ ಸಾವಜಿ ಮಟನ್ ಜೋಡಿ ಯಾವ ರೆಡ್ ವೈನ್?

ತಮ್ಮಾ, ಬೆಟಗೇರಿಯಿಂದ ಜರ್ಮನಿಯ ಸ್ಟುಟ್‌ಗಾರ್ಟ್‌ಗೆ ಬಂದು ಮೂರ್ ತಿಂಗಳಾತು, ಸೂಪರ್ ಮಾರ್ಕೆಟ್‌ನಾಗ ರೆಡ್ ವೈನ್ ಸಾಲು ನೋಡಿದ್ರ ತಲಿ ತಿರಗತೈತಿ, ದಿನಾ ರಾತ್ರಿ ಊಟದ ಜೋಡಿ ಒಂದ್ ಗ್ಲಾಸ್ ಕುಡ್ಯಾಕ ಸೋವಿದು ಯಾವ್ದು, ನಮ್ಮ ರೊಟ್ಟಿ ಪಲ್ಯಾಕ್ಕ ಮಟನ್ನಿಗೆ ಹೊಂದೂದು ಯಾವ್ದು ಅಂತ ಕೇಳೀಯಲ್ಲ, ಛೊಲೋ ಕೇಳಿದಿ. ನಾ ಹುಬ್ಬಳ್ಳಿಯವ, ಇಲ್ಲೆ 14 ವರ್ಷಾತು. ನಿಂದೇನ್ ತಪ್ಪಿಲ್ಲ ಬಿಡು, ನಮ್ಮೂರಾಗ ‘ವೈನ್ಸ್’ ಅಂತ ದೊಡ್ಡ ಬೋರ್ಡ್ ಹಚ್ಚಿದ ಅಂಗಡ್ಯಾಗ ವೈನ್ ಒಂದ್ ಬಿಟ್ಟು ಉಳಿದದ್ದೆಲ್ಲಾ ಖರ್ಚ್ ಆಗ್ತೈತಿ, ನಮಗರ ಹೆಂಗ್ ಗೊತ್ತಾಗಬೇಕು.

ಮೊದಲ ನನ್ನ ಫಜೀತಿ ಕೇಳು. ಬಂದ ಹೊಸದಾಗ ಒಂದ್ ಐತವಾರ ಸಾವಜಿ ಸ್ಟೈಲ್ ಖಾರದ ಮಟನ್ ಮಾಡಿದ್ದೆ, ಎಣ್ಣಿ ಮ್ಯಾಲ ತೇಲಬೇಕು ಹಂಗ, ಇಂಥಾ ಊಟಕ್ಕ ದೊಡ್ಡ ವೈನ್ ಬೇಕು ಅಂತ 22 ಯುರೋ ಕೊಟ್ಟು ಇಟಲಿಯ ಬರೋಲೋ ತಂದೆ. ಒಂದ್ ತುತ್ತು ರೊಟ್ಟಿ, ಒಂದ್ ಗುಟುಕು ವೈನ್, ಆತು ನೋಡು ಕತಿ, ನಾಲಿಗಿ ಮ್ಯಾಲ ಯಾರೋ ಉಸುಕಿನ ಕಾಗದ ತಿಕ್ಕಿ ಮ್ಯಾಲ ಖಾರಪುಡಿ ಉದುರಿಸಿದಂಗ ಆತು. ಕಡೀಕ ಮಜ್ಜಿಗಿ ಕುಡದು ಮಲಗಿದೆ. ಆ ಬಾಟ್ಲಿ ಕೆಟ್ಟದಿರಲಿಲ್ಲ, ನಾ ಜೋಡಿ ಮಾಡಿದ್ದು ತಪ್ಪಿತ್ತು.

ಇಲ್ಲಿಯವರು ಟ್ಯಾನಿನ್ ಟ್ಯಾನಿನ್ ಅಂತಾರಲ್ಲ, ಅದು ಬ್ಯಾರೆ ಏನೂ ಅಲ್ಲ, ನಮ್ಮ ಒಗರು. ನೇರಲಹಣ್ಣು ತಿಂದ ಮ್ಯಾಲ ನಾಲಿಗಿ ಜಗ್ಗಿದಂಗ ಆಗ್ತೈತಲ್ಲ, ಅದ. ದ್ರಾಕ್ಷಿ ಸಿಪ್ಪಿ, ಬೀಜದಾಗಿಂದ ಬರ್ತೈತಿ, ಆ ಬರೋಲೋದಾಗ ಭಾಳ ಇರ್ತೈತಿ. ವಿಜಯಪುರದ ಕಡೆಯಿಂದ ಬರೋ ಬೀಜ ಇಲ್ಲದ ದ್ರಾಕ್ಷಿ ತಿಂದು ಬೆಳದವರು ನಾವು, ವೈನಿನ ದ್ರಾಕ್ಷಿ ಹಂಗಿರೂದಿಲ್ಲ, ಸಣ್ಣದು, ಸಿಪ್ಪಿ ದಪ್ಪ, ಒಳಗ ಬೀಜ. ಈಗ ಖಾರದ ಮ್ಯಾಲ ಈ ಒಗರು ಬಿತ್ತಂದ್ರ ಉರಿ ಹೆಚ್ಚಾಗ್ತೈತಿ, ಆಲ್ಕೋಹಾಲ್ ಜಾಸ್ತಿ ಇದ್ರಂತೂ ಬೆಂಕಿಗೆ ಎಣ್ಣಿ ಸುರದಂಗ. ಹಿಂಗಾಗಿ ನಮ್ಮ ಊಟಕ್ಕ ಒಗರು ಕಡಿಮಿ, ಹಣ್ಣಿನ ರುಚಿ ಮುಂದ, 13 ಪರ್ಸೆಂಟ್ ಒಳಗ ಇರೂ ವೈನ್ ಬೇಕು, ಮತ್ತ ನಮ್ಮ ಪುಣ್ಯಾಕ್ಕ ಅಂಥಾವ ಸೋವಿ ಇರ್ತಾವು.

ನೀ ಇರೂ ಊರಾಗ ಬೆಳಿಯೂ ಟ್ರೋಲಿಂಗರ್ ಅನ್ನೂ ದ್ರಾಕ್ಷಿಯ ರೆಡ್ ವೈನ್‌ನಿಂದ ಶುರು ಮಾಡು. ತೆಳ್ಳಗ, ಬಣ್ಣನೂ ತಿಳಿ, ವೈನ್ ಪಂಡಿತರು ಮೂಗು ಮುರೀತಾರ, ಮುರೀಲಿ. ಸ್ಟುಟ್‌ಗಾರ್ಟ್ ಊರ ನಡುವ ಗುಡ್ಡದ ಮ್ಯಾಲ ದ್ರಾಕ್ಷಿ ತ್ವಾಟ ಅದಾವು, ನೋಡಿರಬೇಕು. ಬೆಳಗಾರರದ ಸಹಕಾರಿ ಸಂಘ ಇರ್ತಾವು, ನಮ್ಮ ಕಡೆ ಸೊಸೈಟಿ ಇದ್ದಂಗ, ಅವರ 1 ಲೀಟರ್ ಬಾಟ್ಲಿ ತಗೋ, ದಿನಾ ಕುಡ್ಯಾಕ ಅದಕ್ಕಿಂತ ಲಾಭದ್ದು ಇನ್ನೊಂದಿಲ್ಲ. ಕುಡಿಯೂ ಮುಂಚೆ ಅರ್ಧಾ ತಾಸು ಫ್ರಿಜ್‌ನಾಗ ಇಡು. ರೆಡ್ ವೈನ್ ರೂಮ್ ಟೆಂಪರೇಚರ್ ಅಂತ ಯಾರರ ಹೇಳಿದ್ರ, ಅದು ಹೀಟರ್ ಇಲ್ಲದ ಹಳೇ ಕಲ್ಲಿನ ಮನಿಗಳ ಮಾತು ಅಂತ ಹೇಳು, ನಿನ್ನ ಫ್ಲಾಟ್‌ನಾಗ 22 ಡಿಗ್ರಿ ಇರ್ತೈತಿ, ಅಷ್ಟ್ ಬೆಚ್ಚಗಿದ್ರ ಬರೇ ಸ್ಪಿರಿಟ್ ವಾಸನಿ ಹೊಡೀತೈತಿ.

ಚಳಿಗಾಲಕ್ಕ, ಹೊಸಾ ವೈನ್ ಆದ ಮ್ಯಾಲ, ಇಲ್ಲಿಯ ದ್ರಾಕ್ಷಿ ರೈತರು ಒಳಗ ವೈನ್ ಸಿಗತೈತಿ ಅನ್ನೂ ಗುರ್ತಿಗೆ ಮನಿ ಮುಂದ ಕಸಬರಗಿ ತೂಗು ಹಾಕ್ತಾರ, ಅದಕ್ಕ ‘ಬೇಸೆನ್’ ಅಂತಾರ, ಕಸಬರಗಿ ಅಂತನ ಅರ್ಥ. ಕಸಬರಗಿ ಕಂಡ್ರ ಒಳಗ ಹೋಗು, ಕಾಲು ಲೀಟರ್ ವೈನ್ ಹಿಡಿಕಿ ಇರೂ ಗ್ಲಾಸ್‌ನಾಗ ಕೊಡ್ತಾರ, ಬಾಜೂಕ ಕುಂತ ಅಜ್ಜ ಮಾತಾಡಸ್ತಾನ. ಅಲ್ಲಿ ರುಚಿ ನೋಡಿ ಹಿಡಿಸಿದ್ದು ತಗೊಂಡ್ ಬಾ.

ಇನ್ನ ಲೇಬಲ್. ಟ್ರೋಕನ್ ಅಂದ್ರ ಸಿಹಿ ಇಲ್ಲದ್ದು, ಹಾಲ್ಬ್‌ಟ್ರೋಕನ್ ಅಂದ್ರ ಅರ್ಧಂಬರ್ಧ, ಲೀಬ್ಲಿಷ್ ಅಂದ್ರ ಸಿಹಿ. ಟ್ರೋಕನ್ ಕುಡದ್ರನ ಮರ್ಯಾದಿ ಅಂತ ತಿಳ್ಕೋಬ್ಯಾಡ, ಖಾರದ ಊಟಕ್ಕ ಸಕ್ಕರಿ ಉರಿ ತಣಸ್ತೈತಿ, ನಾ ಖಾರದ ಚಟ್ನಿ ರೊಟ್ಟಿ ದಿನ ಡೋರ್ನ್‌ಫೆಲ್ಡರ್ ಅನ್ನೂ ಜರ್ಮನ್ ರೆಡ್ ವೈನ್ ಹಾಲ್ಬ್‌ಟ್ರೋಕನ್ ಇದ್ದದ್ದು ಕುಡೀತೀನಿ, ನಾಚಿಕಿ ಇಲ್ಲ.

ಎಣ್ಣೆಗಾಯಿಗೆ ಮಾತ್ರ ಬ್ಯಾರೆ ಲೆಕ್ಕ. ಶೇಂಗಾ, ಗುರೆಳ್ಳು ತುಂಬಿದ ಬದನಿಕಾಯಿ ಜೋಡಿ ಇಟಲಿಯ ಮಾಂಟೆಪುಲ್ಚಾನೊ ದಬ್ರುತ್ಸೊ ಕುಡದು ನೋಡು, ಬಾಯಾಗ ಶೇಂಗಾದ ಜಿಡ್ಡು ಇರೂದ್ರಿಂದ ಆ ವೈನಿನ ಒಗರು ಮೆತ್ತಗಾಗ್ತೈತಿ, ಅದರ ಹುಳಿ ಎಣ್ಣಿ ಕತ್ತರಸ್ತೈತಿ, ಮತ್ತೊಂದ್ ರೊಟ್ಟಿ ಕೇಳಸ್ತೈತಿ. ಬ್ಯಾಡಗಿ ಮೆಣಸಿನಕಾಯಿದ ಅಡಗಿ ಇದ್ರ ಇನ್ನೂ ಆರಾಮ, ಅದರಾಗ ಬಣ್ಣ ಜಾಸ್ತಿ ಖಾರ ಕಡಿಮಿ, ಸ್ಪೇನಿನ ಗಾರ್ನಾಚಾ ಸುದ್ದಾ ನಡೀತೈತಿ, ಆದ್ರ ಅದು ಬಹಳ ಸಲ 14 ಪರ್ಸೆಂಟ್ ಇರ್ತೈತಿ, ನೋಡ್ಕೊಂಡು. ಸಾವಜಿ ಮಟನ್ನಿಗೆ ಫ್ರಾನ್ಸಿನ ಬೋಜೊಲೆ, ತಣ್ಣಗ. ಮಿರ್ಚಿ ಭಜಿಗೆ ಬೀರ್ ತಗೋ, ವೈನ್ ಹಾಳ ಮಾಡಬ್ಯಾಡ.

ರೊಕ್ಕದ ಮಾತು. ಜರ್ಮನ್ಯಾಗ ಸಾದಾ ವೈನಿಗೆ ಮದ್ಯದ ಟ್ಯಾಕ್ಸ್ ಇಲ್ಲ, 19 ಪರ್ಸೆಂಟ್ ವ್ಯಾಟ್ ಅಷ್ಟ. ನೊರಿ ಬರೂ ವೈನಿಗೆ ಐತಿ, 1902ರಾಗ ಇಲ್ಲಿಯ ಚಕ್ರವರ್ತಿ ಕೈಸರ್ ಯುದ್ಧದ ಹಡಗಾ ಕಟ್ಟಾಕ ರೊಕ್ಕ ಬೇಕು ಅಂತ ಹಾಕಿದ್ದು, ಹಡಗಾ ಹೋದ್ವು, ಟ್ಯಾಕ್ಸ್ ಇನ್ನೂ ಐತಿ. 3 ಯುರೋ ಬಾಟ್ಲಿ ತಗೊಂಡ್ರ ಅದರಾಗ 48 ಸೆಂಟ್ ವ್ಯಾಟ್‌ಗೆ ಹೋತು, ಗಾಜು, ಮುಚ್ಚಳ, ಲಾರಿ, ಅಂಗಡಿಯವನ ಲಾಭ ತಗದ್ರ ಒಳಗಿನ ರಸಕ್ಕ ಚಿಲ್ಲರಿ ಉಳೀತೈತಿ. 6 ಯುರೋದ್ದು ತಗೊಂಡ್ರ ಗಾಜು ಲಾರಿ ಖರ್ಚು ಹೆಚ್ಚುಕಮ್ಮಿ ಅಷ್ಟ, ಹೆಚ್ಚಿನ ರೊಕ್ಕ ವೈನಿಗೆ ಹೋಗ್ತೈತಿ. ಅದಕ್ಕ ನಂದು 5ರಿಂದ 7ರ ಒಳಗ. ಸ್ಕ್ರೂ ಮುಚ್ಚಳ ಕಂಡು ಹೀಯಾಳಿಸಬ್ಯಾಡ, ತಗದ ಬಾಟ್ಲಿಗೆ ಅದನ್ನ ತಿರುವಿ ಫ್ರಿಜ್‌ನಾಗ ಇಟ್ರ ಮೂರ್ ದಿನ ಬರ್ತೈತಿ, ಒಬ್ಬವ ಇರೂವಂಗ ಇದು ಬೇಕು. ದಿನಾ ಒಂದ್ ಗ್ಲಾಸ್ ಅಂದಿ, ವಾರದಾಗ ಮೂರ್ನಾಕು ದಿನ ಬಿಡು, ಲಿವರ್ ನಮ್ಮೂರಿಂದ ತಂದದ್ದು ಒಂದ ಐತಿ.

ಖಾಲಿ ಬಾಟ್ಲಿ ಬೀರ್ ಬಾಟ್ಲಿ ಜೋಡಿ, ಬಾಟ್ಲಿ ತಗೊಂಡು ಡಿಪಾಸಿಟ್ ರೊಕ್ಕ ವಾಪಸ್ ಕೊಡೂ ಮಷೀನಿಗೆ ಹಾಕಾಕ ಹೋಗಬ್ಯಾಡ, ವೈನ್ ಬಾಟ್ಲಿಗೆ ಸಾಮಾನ್ಯವಾಗಿ ಡಿಪಾಸಿಟ್ ಇಲ್ಲ, ರಸ್ತಾದಾಗ ಗಾಜಿನ ಡಬ್ಬಿ ಇರ್ತಾವು, ಬಿಳೀದು ಹಸರದು ಕಂದು ಬ್ಯಾರೆ ಬ್ಯಾರೆ, ಅದರಾಗ ಹಾಕು. ಐತವಾರ ಮಾತ್ರ ಹಾಕಬ್ಯಾಡ, ಗಾಜಿನ ಸಪ್ಪಳ ಆಗ್ತೈತಿ. ನಾ ಒಮ್ಮೆ ಹಾಕಿದೆ, ಎದರಿನ ಮನಿ ಅಜ್ಜಿ ಮೂರನೇ ಮಾಳಿಗಿ ಕಿಡಕ್ಯಾಗಿಂದ ಬೈದದ್ದು ನೋಡಿದ್ರ ನಮ್ಮ ದುರ್ಗದಬೈಲ್ ಕಾಯಿಪಲ್ಯಾ ಮಾರೂ ಅವ್ವಗೋಳು ನೆನಪಾದ್ರು.