ಮನೆ ಬದಲಾಯಿತು, ನಡಿಗೆ ನಿಂತಿತು

ಪ್ರಶ್ನೆ: ಮಲ್ಲೇಶ್ವರದಲ್ಲಿದ್ದಾಗ ತರಕಾರಿಗೆ, ಬ್ಯಾಂಕಿಗೆ, ಬಸ್ಸಿಗೆ ನಡೆದೇ ಹೋಗುತ್ತಿದ್ದೆವು. ಸರ್ಜಾಪುರ ರಸ್ತೆಯ ಅಪಾರ್ಟ್‌ಮೆಂಟಿಗೆ ಬಂದ ಮೇಲೆ ಹಾಲು ತರಲಿಕ್ಕೂ ಸ್ಕೂಟರ್ ಬೇಕಾಗಿದೆ. ಬೆಳಗಿನ ವಾಕಿಂಗ್ ಮಾತ್ರ ತಪ್ಪಿಲ್ಲ. ಇದು ನಮ್ಮ ಸೋಮಾರಿತನವೇ?
— ಓದುಗರೊಬ್ಬರು, ಬೆಂಗಳೂರು

ಉತ್ತರ: ಸೋಮಾರಿತನವಾಗಿದ್ದರೆ ಬೆಳಗಿನ ವಾಕಿಂಗೂ ನಿಂತಿರುತ್ತಿತ್ತು. ವ್ಯಾಯಾಮಕ್ಕೆ ನಡೆಯಲು ಅಪಾರ್ಟ್‌ಮೆಂಟಿನ ಆವರಣ ಸಾಕು. ಕೆಲಸದ ಮೇಲೆ ನಡೆದು ಹೋಗಬೇಕಾದರೆ ಹೋಗುವ ಜಾಗ ಹತ್ತಿರವಿರಬೇಕು, ದಾರಿ ನೇರವಿರಬೇಕು. ನಗರ ಯೋಜನೆಯ ಸಂಶೋಧಕರಾದ ರೀಡ್ ಯೂಯಿಂಗ್ ಮತ್ತು ರಾಬರ್ಟ್ ಸೆರ್ವೆರೊ ಅವರು ಅನೇಕ ಅಧ್ಯಯನಗಳನ್ನು ಒಟ್ಟುಗೂಡಿಸಿ 2010ರಲ್ಲಿ ಪ್ರಕಟಿಸಿದ ವಿಶ್ಲೇಷಣೆಯಲ್ಲಿಯೂ, ನಡಿಗೆಯ ನಂಟು ಜನಸಾಂದ್ರತೆಗಿಂತ ಹೆಚ್ಚಾಗಿ ಮನೆ–ಅಂಗಡಿಗಳ ಬೆರಕೆಯೊಂದಿಗೆ, ಬೀದಿಗಳು ಒಂದನ್ನೊಂದು ಕೂಡುವ ಸಂಧಿಗಳೊಂದಿಗೆ ಇರುವುದು ಕಂಡುಬಂದಿತು. ನಡೆಯಲು ಇಷ್ಟಪಡುವವರೇ ಅಂಥ ಬಡಾವಣೆಗಳನ್ನು ಆರಿಸಿಕೊಳ್ಳುತ್ತಾರೆಂಬ ಆಕ್ಷೇಪಣೆ ಇದೆ, ಅದು ನ್ಯಾಯವಾದದ್ದೇ. ಆದರೆ ಎರಡೂ ಕಡೆ ಇದ್ದವರು ನೀವೇ ಆದ್ದರಿಂದ ನಿಮ್ಮ ವಿಷಯದಲ್ಲಿ ಅದರ ತೂಕ ಕಡಿಮೆ.

1898ರ ಪ್ಲೇಗಿನ ನಂತರ ಜನ ನೆಲೆಸತೊಡಗಿದ ಮಲ್ಲೇಶ್ವರದಲ್ಲಿ ಅಡ್ಡರಸ್ತೆಗಳು ಸಂಪಿಗೆ ರಸ್ತೆಯನ್ನೂ ಮಾರ್ಗೋಸಾ ರಸ್ತೆಯನ್ನೂ ಮತ್ತೆ ಮತ್ತೆ ಸಂಧಿಸುತ್ತವೆ. ಎಂಟನೇ ಕ್ರಾಸಿನಲ್ಲಿ ಹೂವು, ಹಣ್ಣು, ಬಟ್ಟೆ, ಪಾತ್ರೆ ಎಲ್ಲವೂ ಸಿಗುವುದರಿಂದ ಒಂದು ಸಲ ಹೋದರೆ ನಾಲ್ಕು ಕೆಲಸ ಮುಗಿಯುತ್ತವೆ. ಹೊಸ ಬಡಾವಣೆಗಳಲ್ಲಿ ಸಾಮಾನ್ಯವಾಗಿ ಕಾಣುವುದು ಉದ್ದನೆಯ ಕಾಂಪೌಂಡು ಮತ್ತು ಒಂದೇ ಗೇಟು. ಗೋಡೆಯಾಚೆ ಇನ್ನೂರು ಮೀಟರಿನಲ್ಲಿರುವ ಅಂಗಡಿಗೆ ಗೇಟು ಸುತ್ತಿ ಒಂದು ಕಿಲೋಮೀಟರ್ ಹೋಗಬೇಕಾಗಿ ಬಂದರೆ, ಮೂರು ನಿಮಿಷದ ದಾರಿ ಹನ್ನೆರಡು ನಿಮಿಷದ್ದಾಗುತ್ತದೆ. ಸ್ಕೂಟರಿನ ಕೀಲಿಗೆ ಕೈ ಹೋಗುವುದು ಅಲ್ಲಿಯೇ.

ಫುಟ್‌ಪಾತಿನ ಮಾತು ಪ್ರತ್ಯೇಕ. ರಸ್ತೆಗಳ ಮಾನದಂಡ ರೂಪಿಸುವ ಸಂಸ್ಥೆಯಾದ ಇಂಡಿಯನ್ ರೋಡ್ಸ್ ಕಾಂಗ್ರೆಸ್ಸಿನ 2012ರ ಮಾರ್ಗಸೂಚಿಯಂತೆ ಕನಿಷ್ಠ 1.8 ಮೀಟರ್ ಅಗಲ ಅಡೆತಡೆಯಿಲ್ಲದೆ ಇರಬೇಕು, ಅಂಚಿನ ಎತ್ತರ 150 ಮಿಲಿಮೀಟರ್ ಮೀರಬಾರದು. ಟ್ರಾನ್ಸ್‌ಫಾರ್ಮರ್, ಬಾಯ್ದೆರೆದ ಚರಂಡಿ ಚಪ್ಪಡಿ, ಮನೆಮನೆಗೂ ಕಾರು ಹತ್ತಿಸಲು ಹಾಕಿದ ಇಳಿಜಾರು ಇವುಗಳ ನಡುವೆ ಆ ಅಗಲ ಉಳಿಯುವುದು ಅಪರೂಪ; ಮೊಣಕಾಲು ನೋವಿನವರು ಹತ್ತಿ ಇಳಿಯಲಾರದೆ ರಸ್ತೆಯಲ್ಲೇ ನಡೆಯುತ್ತಾರೆ.

ಆದರೂ ನಿಮ್ಮ ಕೈಲಾಗುವ ಮೊದಲ ಕೆಲಸ ಫುಟ್‌ಪಾತಲ್ಲ. ಹಿಂಬದಿಯ ಗೋಡೆಯಾಚೆ ಸಾರ್ವಜನಿಕ ರಸ್ತೆ ಇದ್ದಲ್ಲಿ, ನಿವಾಸಿಗಳ ಸಂಘದ ಸಭೆಯಲ್ಲಿ ಅಲ್ಲೊಂದು ಸಣ್ಣ ಗೇಟಿಗಾಗಿ ಒತ್ತಾಯಿಸಿ. ಕಾವಲಿನ ಪ್ರಶ್ನೆ ಬಂದೇ ಬರುತ್ತದೆ. ನಿವಾಸಿಗಳಿಗೆ ಕಾರ್ಡು ಕೊಟ್ಟು, ರಾತ್ರಿ ಬೀಗ ಹಾಕಿದರಾಯಿತು. ಮುಂದಿನ ಗೇಟಿನ ಬಳಿ ನಿಲ್ಲುವ ತರಕಾರಿ ಗಾಡಿಯವರನ್ನು ಎಬ್ಬಿಸಬೇಕೆಂಬ ಮಾತೂ ಅದೇ ಸಭೆಯಲ್ಲಿ ಬರಬಹುದು, ಅದಕ್ಕೆ ದಯವಿಟ್ಟು ಕೈ ಎತ್ತಬೇಡಿ.