ಪುರವಣಿಗೆ ಬೇರೆ ರೆಕಾರ್ಡ್ ಬೇಕಾ, ಇಂಡೆಕ್ಸ್ ಎಲ್ಲಿಗೆ ಸೇರ್ಬೇಕು?

ಪ್ರಶ್ನೆ: ನಮಸ್ಕಾರ ಸಾರ್, ವಿರಾಜಪೇಟೆ ಹತ್ರ ಒಂದು ಕಾಲೇಜ್ ಲೈಬ್ರರಿ ನೋಡ್ಕೊಳ್ತೀನಿ. ಈಗ ಎಲ್ಲಾನೂ ಕೋಹಾ ಅನ್ನೋ ಲೈಬ್ರರಿ ಸಾಫ್ಟ್‌ವೇರಿಗೆ ಹಾಕ್ತಾ ಇದೀವಿ. ಒಂದು ಬೀರು ತುಂಬ ಪೇಪರ್ ಪುರವಣಿ, ದೀಪಾವಳಿ ವಿಶೇಷಾಂಕ, ಜರ್ನಲ್ ಜೊತೆ ಬಂದ ಸಪ್ಲಿಮೆಂಟು, ವರ್ಷದ ಕೊನೇಲಿ ಬರೋ ತೆಳ್ಳನೆ ಇಂಡೆಕ್ಸು ಎಲ್ಲಾ ಬಿದ್ದಿದೆ. ಒಂದೊಂದಕ್ಕೂ ಕ್ಯಾಟಲಾಗಲ್ಲಿ ಬೇರೆ ರೆಕಾರ್ಡ್ ಮಾಡ್ಬೇಕಾ? ಮಳೆ ಹಿಡಿಯೋಕೆ ಮುಂಚೆ ಬೈಂಡಿಂಗ್‌ಗೂ ಕೊಡ್ಬೇಕು.

ಉತ್ತರ: ಮೇಡಂ, ಎಲ್ಲಕ್ಕೂ ಬೇಡ. ಕೆಲಸ ಶುರು ಮಾಡಿದ ಹೊಸದ್ರಲ್ಲಿ ನಾನು ಇದೇ ತಪ್ಪು ಮಾಡಿದ್ದೆ, ಪ್ರತೀ ವರ್ಷದ ವಿಶೇಷಾಂಕಕ್ಕೂ ಒಂದೊಂದು ರೆಕಾರ್ಡ್ ಮಾಡಿ ಕೊನೆಗೆ ಹುಡುಕಿದ್ರೆ ಒಂದೇ ಹೆಸರು ಸಾಲಾಗಿ ಬರೋದು, ಯಾವುದು ಯಾವ ವರ್ಷದ್ದು ಅಂತ ನಂಗೇ ಗೊತ್ತಾಗ್ತಿರಲಿಲ್ಲ.

ಮುಖಪುಟದ ಮೇಲೆ ‘ಪುರವಣಿ’ ಅಂತ ಇದೆಯೋ ಇಲ್ವೋ ಅನ್ನೋದನ್ನ ತಲೆಗೆ ಹಚ್ಕೋಬೇಡಿ. ಅದಕ್ಕೆ ತನ್ನದೇ ಹೆಸರು, ತನ್ನದೇ ನಂಬರ್ ಇದೆಯಾ, ಮೂಲ ಪತ್ರಿಕೆ ಕೈಲಿಲ್ದೇನೂ ಅದೊಂದನ್ನೇ ಕೇಳ್ಕೊಂಡು ಯಾರಾದ್ರೂ ಬರ್ತಾರಾ, ಅಷ್ಟು ನೋಡಿ. ಬೇರೆ ಐಎಸ್ಎಸ್ಎನ್ (ಪತ್ರಿಕೆಗಳನ್ನ ಗುರುತಿಸೋ ನಂಬರ್) ಇದ್ರಂತೂ ಯೋಚ್ನೆನೇ ಬೇಡ, ಬೇರೆ ರೆಕಾರ್ಡೇ.

ಪೇಪರ್ ಒಳಗೆ ಮಡಚಿ ಬರೋ ಭಾನುವಾರದ ಪುರವಣಿ ಪೇಪರಿನ ಭಾಗನೇ, ಮೂಲ ರೆಕಾರ್ಡಲ್ಲಿ 525ನೇ ಫೀಲ್ಡಿಗೆ (ರೆಕಾರ್ಡ್ ಬರೆಯೋ ಮಾರ್ಕ್ ನಮೂನೇಲಿ ಒಂದೊಂದು ಬಗೆ ವಿವರಕ್ಕೂ ಒಂದೊಂದು ನಂಬರಿನ ಫೀಲ್ಡ್ ಇರುತ್ತೆ) ‘ವಾರಕ್ಕೊಮ್ಮೆ ಪುರವಣಿ ಇರುತ್ತದೆ’ ಅಂತ ಒಂದು ಸಾಲು ಬರೆದ್ರೆ ಮುಗೀತು. ಪ್ರಜಾವಾಣಿ ದೀಪಾವಳಿ ವಿಶೇಷಾಂಕ ಹಾಗಲ್ಲ, ಅದಕ್ಕೆ ಬೆಲೆ ಬೇರೆ, ವರ್ಷಕ್ಕೊಂದೇ ಬರುತ್ತೆ, ಕಥೆ ಓದೋರು ಅದನ್ನೇ ಕೇಳ್ತಾರೆ. ಅದಕ್ಕೆ ಬೇರೆ ರೆಕಾರ್ಡ್ ಸರಿ, ಆದ್ರೆ ವರ್ಷಕ್ಕೊಂದಲ್ಲ, ವಾರ್ಷಿಕ ಅಂತ ಒಂದೇ ಸೀರಿಯಲ್ (ನಿಯತಕಾಲಿಕ) ರೆಕಾರ್ಡ್ ಮಾಡಿ ಅದರ ಕೆಳಗೆ ವರ್ಷವಾರು ಐಟಂ, ಅಂದ್ರೆ ಕೈಲಿರೋ ಒಂದೊಂದು ಪ್ರತಿ, ಸೇರಿಸ್ತಾ ಹೋಗಿ. ಆಮೇಲೆ ಎರಡೂ ಕಡೆಯಿಂದ ಗಂಟು ಹಾಕೋದು ಮರೀಬೇಡಿ: ಮೂಲ ಪತ್ರಿಕೆ ರೆಕಾರ್ಡಲ್ಲಿ 770 ಹಾಕಿ ಪುರವಣಿ ಕಡೆ ತೋರಿಸ್ಬೇಕು, ಪುರವಣಿ ರೆಕಾರ್ಡಲ್ಲಿ 772 ಹಾಕಿ ಮೂಲದ ಕಡೆ. ಒಂದೇ ಕಡೆ ಹಾಕಿ ಬಿಡೋರೇ ಜಾಸ್ತಿ, ಹಾಗಾದ್ರೆ ಇನ್ನೊಂದು ಬಾಗಿಲಿಂದ ಬಂದೋರಿಗೆ ದಾರಿ ಸಿಗಲ್ಲ.

ಹೆಸರು ಪುರವಣಿ ಥರ ಇದ್ರೂ ಬೇರೆ ಮಾಡ್ಬಾರದ್ದೂ ಇರುತ್ತೆ. ಎಪಿಗ್ರಾಫಿಯಾ ಕರ್ನಾಟಿಕಾ ಅನ್ನೋ ಶಾಸನ ಸಂಪುಟಗಳ ಮಾಲೆ ನಿಮ್ಮಲ್ಲಿ ಇದ್ದೇ ಇರುತ್ತೆ ಅನ್ಕೊಳ್ತೀನಿ, ಲೂಯಿಸ್ ರೈಸ್ 1886ರಲ್ಲಿ ತಂದ ಅದರ ಮೊದಲ್ನೇ ಸಂಪುಟನೇ ನಮ್ ಕೊಡಗಿನ ಶಾಸನಗಳದ್ದು (1914ರಲ್ಲಿ ತಿದ್ದಿ ಮತ್ತೆ ಬಂತು). ಅದೇ ಮಾಲೇಲಿ ಮೈಸೂರು-ಮಂಡ್ಯ ಜಿಲ್ಲೆಯ ಪೂರಕ ಶಾಸನಗಳು ಅಂತ 1943ರಲ್ಲಿ ಬಂದಿದ್ದು 14ನೇ ಸಂಪುಟ. ಪೂರಕ ಅಂತ ಹೆಸರಿದ್ರೂ ನಂಬರ್ ಮಾಲೆದೇ, ಹಾಗಾಗಿ ಸಾಲಲ್ಲೇ ಕೂರುತ್ತೆ, ಎಳೆದು ಹೊರಗೆ ಹಾಕ್ಬೇಡಿ.

ಜರ್ನಲ್ ಜೊತೆ ಬಂದ ಸಪ್ಲಿಮೆಂಟ್‌ಗೂ ಇದೇ ಲೆಕ್ಕ. ನಂಬರ್ ಗಿಂಬರ್ ಇಲ್ದೆ ಯಾವಾಗ್ಲೋ ಒಂದ್ಸಲ ಬಂದಿದ್ರೆ ಕೋಹಾದಲ್ಲಿ ಸಂಚಿಕೆ ರಿಸೀವ್ ಮಾಡೋ ಪೇಜಲ್ಲಿ ಸಪ್ಲಿಮೆಂಟಲ್ ಇಷ್ಯೂ ಅಂತ ಒಂದು ಸಾಲಿದೆ, ಅಲ್ಲಿ ಹಾಕಿ ಸುಮ್ನಾಗಿ.

ಇನ್ನು ಇಂಡೆಕ್ಸ್. ಇದಕ್ಕೆ ಬೇರೆ ರೆಕಾರ್ಡ್ ಬೇಡ್ವೇ ಬೇಡ, ಆದ್ರೆ ಎಲ್ಲಕ್ಕಿಂತ ಜೋಪಾನ ಮಾಡ್ಬೇಕಾದ್ದೂ ಇದನ್ನೇ. ಹಿಂದೆ ನಾನಿದ್ದ ಒಂದು ಲೈಬ್ರರೀಲಿ ಕಾಫಿ ತೋಟದ ಹಿರಿಯರೊಬ್ರು ಬಂದು ಕಾಫಿ ಗಿಡದ ಬಿಳಿ ಕಾಂಡಕೊರಕ ಹುಳದ ಬಗ್ಗೆ ಹಳೇ ಲೇಖನ ಕೇಳಿದ್ರು, ವರ್ಷ ನೆನಪಿಲ್ಲ ಅಂದ್ರು. ಎರಡು ದಿನ ಒಂದೊಂದೇ ಸಂಪುಟ ಮಗುಚಿದ್ವಿ, ಬೂಷ್ಟಿನ ವಾಸ್ನೆಗೆ ಸೀನಿದ್ದೇ ಬಂತು. ಸಿಕ್ಕಿದ ಮೇಲೆ ನೋಡಿದ್ರೆ ಹತ್ತು ಸಂಪುಟಕ್ಕೂ ಸೇರಿಸಿ ಮಾಡಿದ ಇಂಡೆಕ್ಸು ಹನ್ನೊಂದನೇ ಸಂಪುಟದ ಹೊಟ್ಟೆಯೊಳಗೆ ಆರಾಮಾಗಿ ಕೂತಿತ್ತು, ಕ್ಯಾಟಲಾಗಲ್ಲಿ ಅದರ ಸುದ್ದಿನೇ ಇಲ್ಲ! ಅವತ್ತು 555ನೇ ಫೀಲ್ಡಲ್ಲಿ ‘ಸಂ. 1–10ರ ಇಂಡೆಕ್ಸ್, ಸಂ. 11 ಸಂಚಿಕೆ 1ರಲ್ಲಿ’ ಅಂತ ಯಾರಾದ್ರೂ ಬರೆದಿದ್ರೆ ಹತ್ತು ನಿಮಿಷದ ಕೆಲಸ ಅದು. 555 ಹೇಳೋದು ಪತ್ರಿಕೆಗೆ ಇಂಡೆಕ್ಸ್ ಇದೆ ಅಂತ, ನಿಮ್ಮ ಬೀರುವಿನಲ್ಲಿ ಇದೆ ಅಂತಲ್ಲ. ನಿಮ್ಮಲ್ಲಿ ಇದೆ ಅಂತ ಹೇಳೋಕೆ ಮಾರ್ಕ್ ಹೋಲ್ಡಿಂಗ್ಸಲ್ಲಿ (ಲೈಬ್ರರೀಲಿ ಏನೇನಿದೆ ಅಂತ ಬರೆಯೋ ಭಾಗ) 868 ಇದೆ (ಪುರವಣಿಗಾದ್ರೆ 867), ಕೋಹಾದಲ್ಲಿ ನೀವು ಐಟಂ ಮಟ್ಟದಲ್ಲೇ ಕೆಲಸ ಮಾಡೋದಾದ್ರೆ ಐಟಂ ವಿವರದ 952ನೇ ಫೀಲ್ಡಿನ ಎಚ್ ಸಬ್‌ಫೀಲ್ಡಲ್ಲಿ ‘ಸಂ. 12, ಇಂಡೆಕ್ಸ್ ಸಮೇತ’ ಅಂತ ಬರೀರಿ, ಸಾಕು.

ಬೈಂಡಿಂಗ್‌ಗೆ ಕೊಡುವಾಗ ಒಂದು ಎಚ್ಚರ. ವರ್ಷದ ಇಂಡೆಕ್ಸ್ ಎಷ್ಟೋ ಸಲ ಮುಂದಿನ ವರ್ಷದ ಮೊದಲ್ನೇ ಸಂಚಿಕೆ ಜೊತೆ ಬರುತ್ತೆ, ಬಂದ ಸಂಚಿಕೆ ಜೊತೆ ಅಲ್ಲ, ಯಾವ ಸಂಪುಟದ್ದೋ ಅದರ ಜೊತೇನೇ ಹೊಲಿಸಿ. ಸಂಚಿಕೆ ಒಳಗೇ ಪುಟವಾಗಿ ಅಚ್ಚಾಗಿದ್ರೆ ಮಾತ್ರ ಹರೀಬೇಡಿ, ಅಲ್ಲೇ ಇರ್ಲಿ. ಬೈಂಡರ್‌ಗಳು ಬಿಡಿ ಹಾಳೆನ ಜಾಹೀರಾತು ಅನ್ಕೊಂಡು ಕಿತ್ತಾಕ್ತಾರೆ, ಕಟ್ಟಿನ ಮೇಲೆ ಚೀಟಿ ಅಂಟಿಸಿ ಕಳ್ಸಿ. ಮಾರ್ಚ್‌ನಲ್ಲೇ ಕೊಟ್ಬಿಡಿ, ಜೂನ್ ಆದ್ಮೇಲೆ ನಮ್ ಕಡೆ ಅಂಟು ಒಣಗೋದಿಲ್ಲ ನಿಮಗೇ ಗೊತ್ತಲ್ಲ.